ಹಳೇ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಲಿಫ್ಟ್: ಯಾವುದು ಹಾಕಿಸಬೇಕು, ಎಷ್ಟು ಎತ್ತರ ಸಾಕು

ಹಳೇ ಪಿಕಪ್‌ಗೆ ಲಿಫ್ಟ್, ಅಂದರೆ ಗಾಡಿಯನ್ನು ನೆಲದಿಂದ ಎತ್ತರಿಸುವ ಸ್ಪ್ರಿಂಗ್ ಇಲ್ಲವೇ ಬಿಡಿಭಾಗಗಳ ಕಿಟ್, ಹಾಕಿಸಲು ಹೊರಟವರು ಮೊದಲು ಕೇಳುವುದು "ಎಷ್ಟು ಇಂಚು ಎತ್ತಬಹುದು?" ಅಂತ. ಅದಕ್ಕೂ ಮೊದಲು ನಿಮ್ಮ ಗಾಡಿ ಈಗಾಗಲೇ ಎಷ್ಟು ಕೂತಿದೆ ಅಂತ ನೋಡಿ. ಇಪ್ಪತ್ತು, ಮೂವತ್ತು ವರ್ಷ ಲೋಡ್ ಹೊತ್ತ ಸ್ಪ್ರಿಂಗ್‌ನಲ್ಲಿ ಫ್ಯಾಕ್ಟರಿಯಿಂದ ಬಂದಾಗಿನ ಬಾಗು ಉಳಿದಿರುವುದಿಲ್ಲ. ಒಂದಿಂಚು, ಒಂದೂವರೆ ಇಂಚು ಇಳಿದಿರುವುದು ಮಾಮೂಲು. ಕಿಟ್ ಮಾಡುವವರು ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು ಹೊಸ ಗಾಡಿಯ ಎತ್ತರದಿಂದ. ಹಾಗಾಗಿ ಎರಡಿಂಚಿನ ಕಿಟ್ ಹಾಕಿಸಿದರೆ ನಿಮ್ಮ ಗಾಡಿ ಇವತ್ತಿರುವುದಕ್ಕಿಂತ ಮೂರೂವರೆ ಇಂಚು ಮೇಲೇಳಬಹುದು. ನಾಲ್ಕಿಂಚು ಬೇಕು ಅಂತ ಹಠ ಹಿಡಿದವರಲ್ಲಿ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿದ್ದದ್ದು ಒಂದು ಹೊಸ ಸ್ಪ್ರಿಂಗ್ ಸೆಟ್, ಅಷ್ಟೇ.

ಅಳೆಯುವುದು ಸುಲಭ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟೈರ್‌ಗಳಲ್ಲಿ ಗಾಳಿ ಸರಿ ಇರಲಿ, ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನಾಲ್ಕೂ ಕಡೆ. ಬರೆದಿಟ್ಟುಕೊಳ್ಳಿ. ನನ್ನ ಗಾಡಿಯಲ್ಲಿ ಡ್ರೈವರ್ ಕಡೆ ಎರಡು ಬೆರಳಷ್ಟು ತಗ್ಗು ಬಂತು. ಮೊದಲು ಚಾಸಿ ಸೊಟ್ಟಗಾಗಿದೆ ಅಂತ ಹೆದರಿದೆ. ಆಮೇಲೆ ಗೊತ್ತಾಯಿತು, ಡ್ರೈವರ್ ಕೂರುವುದೂ ಅದೇ ಕಡೆ, ಡೀಸೆಲ್ ಟ್ಯಾಂಕ್ ಇರುವುದೂ ಅದೇ ಕಡೆ, ವರ್ಷಾನುಗಟ್ಟಲೆ ಆ ಭಾರ ಒಂದೇ ಸ್ಪ್ರಿಂಗ್ ಮೇಲೆ ಬಿದ್ದು ಅದು ಹೆಚ್ಚು ಕೂತಿದೆ. ಇಂಥ ಗಾಡಿಗಳಿಗೆ ಡ್ರೈವರ್ ಕಡೆಯದು ಸ್ವಲ್ಪ ಎತ್ತರ ಇರುವ ಜೋಡಿಯನ್ನೇ ಮಾಡಿ ಕೊಡುವವರಿದ್ದಾರೆ. ಕೊಳ್ಳುವ ಮುಂಚೆ ಕೇಳಿ.

ಅಳತೆ ಆದಮೇಲೆ ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ ನೋಡಿ. ಶ್ಯಾಕಲ್, ಅಂದರೆ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅದರ ಬುಶ್ ದುಂಡಗಿದೆಯೋ, ಮೊಟ್ಟೆಯಾಕಾರಕ್ಕೆ ಸವೆದಿದೆಯೋ? ಸ್ಪ್ರಿಂಗ್ ಪ್ಲೇಟ್‌ಗಳ ತುದಿ ಒಂದರ ಮೇಲೊಂದು ಉಜ್ಜಿ ಗುಂಡಿ ಬಿದ್ದಿದೆಯಾ? ಮೇನ್ ಪ್ಲೇಟ್‌ನ ಕಣ್ಣಿನ (ಬೋಲ್ಟ್ ಹೋಗುವ ಸುರುಳಿಯ) ಹತ್ತಿರ ಕೂದಲೆಳೆಯಷ್ಟು ಬಿರುಕು ಇದೆಯಾ? ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ಚಾಸಿಗೆ ಕೂರುವ ಬ್ರ್ಯಾಕೆಟ್) ಇರುವ ಜಾಗದಲ್ಲಿ ಚಾಸಿಯನ್ನು ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಪುಡಿಯಾಗಿ ಉದುರಿದರೆ ಲಿಫ್ಟ್ ಮಾತು ಬಿಡಿ, ಮೊದಲು ಚಾಸಿ ಕೆಲಸ ಮಾಡಿಸಿ.

ಲಿಫ್ಟ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಗಟ್ಟಿ ಆಕ್ಸಲ್ (ಎರಡು ಚಕ್ರಗಳನ್ನು ಸೇರಿಸುವ ಒಂದೇ ಅಖಂಡ ಅಚ್ಚು) ಇರುವ ಗಾಡಿಯಲ್ಲಿ ಸಸ್ಪೆನ್ಷನ್ ಎಷ್ಟೇ ಎತ್ತಿದರೂ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಗುಂಡಿಗೆ, ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಅದು ಆಕ್ಸಲ್‌ನಲ್ಲಿದೆ, ಆಕ್ಸಲ್ ಚಕ್ರದ ಮೇಲಿದೆ. ಅದನ್ನು ಎತ್ತಬೇಕಾದರೆ ದೊಡ್ಡ ಟೈರ್ ಒಂದೇ ದಾರಿ, ಅದೂ ಅರ್ಧದಷ್ಟು ಮಾತ್ರ. 31 ಇಂಚಿನ ಟೈರ್ ತೆಗೆದು 33 ಹಾಕಿದರೆ ಡಿಫರೆನ್ಷಿಯಲ್‌ಗೆ ಸಿಗುವುದು ಒಂದಿಂಚು.

ಲಿಫ್ಟ್‌ನಿಂದ ಸಿಗುವುದು ಮುಖ್ಯವಾಗಿ ಎರಡು. ಒಂದು, ಆ ದೊಡ್ಡ ಟೈರ್ ತಿರುಗಲು ಜಾಗ. ಇನ್ನೊಂದು, ಹೊಟ್ಟೆ ಕೆಳಗಿನ ಜಾಗ. ಪಿಕಪ್ ಉದ್ದದ ಗಾಡಿ, ದಿಣ್ಣೆ ಹತ್ತಿ ಇಳಿಯುವಾಗ ನಡುವೆ ತಾಗುವುದೇ ಇದರ ದೊಡ್ಡ ಕಾಟ, ಅಲ್ವಾ? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 120 ಇಂಚು ಅಂತರ, ನಡುವೆ ನೆಲದಿಂದ 10 ಇಂಚು ಜಾಗ ಅಂತಿಟ್ಟುಕೊಳ್ಳಿ. ಆಗ ಗಾಡಿ ತಾಗದೆ ದಾಟಬಲ್ಲ ದಿಣ್ಣೆಯ ಕೋನ ಸುಮಾರು 19 ಡಿಗ್ರಿ. ಎರಡಿಂಚು ಎತ್ತಿದರೆ 22ರಿಂದ 23. ನಾಲ್ಕಿಂಚು ಎತ್ತಿದರೆ 26. ಪ್ರತಿ ಎರಡಿಂಚಿಗೆ ಸುಮಾರು ನಾಲ್ಕು ಡಿಗ್ರಿ ಸಿಕ್ಕಿತು. ಆದರೆ ಮೊದಲ ಎರಡಿಂಚಿಗೆ ಬೇರೆ ಏನನ್ನೂ ಹೆಚ್ಚು ಮುಟ್ಟಬೇಕಾಗಿಲ್ಲ, ಮುಂದಿನ ಎರಡಿಂಚಿಗೆ ಸ್ಟೀರಿಂಗ್, ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ಶಾಫ್ಟ್), ಬ್ರೇಕ್ ಹೋಸ್ ಎಲ್ಲಕ್ಕೂ ಕೈ ಹಾಕಬೇಕು. ನಾನು ಎರಡಿಂಚಿನ ಪರ ಇರುವುದು ಇದಕ್ಕೇ.

ಹಿಂದಿನ ಸ್ಪ್ರಿಂಗ್‌ಗೆ ನಾಲ್ಕು ದಾರಿ

ಹಳೇ ಪಿಕಪ್‌ಗಳಲ್ಲಿ ಹಿಂದೆ ಹೆಚ್ಚುಕಡಿಮೆ ಎಲ್ಲದರಲ್ಲೂ ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪ್ಲೇಟ್‌ಗಳ ಕಟ್ಟು, ಇರುತ್ತದೆ. ಎತ್ತಲು ನಾಲ್ಕು ದಾರಿ: ಹೊಸ ಕಟ್ಟು, ಒಂದು ಪ್ಲೇಟ್ ಸೇರಿಸುವುದು, ಉದ್ದ ಶ್ಯಾಕಲ್, ಬ್ಲಾಕ್.

ಬ್ಲಾಕ್ ಎಲ್ಲಕ್ಕಿಂತ ಅಗ್ಗ, ಅರ್ಧ ದಿನದ ಕೆಲಸ. ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಕಬ್ಬಿಣದ ಒಂದು ತುಂಡು ಇಟ್ಟು ಉದ್ದದ ಯು ಬೋಲ್ಟ್ ಬಿಗಿದರೆ ಮುಗಿಯಿತು. ಹಿಂದೆ ಒಂದು ಬ್ಲಾಕ್ ಫ್ಯಾಕ್ಟರಿಯಿಂದಲೇ ಬರುವ ಗಾಡಿಗಳೂ ಇವೆ, ಹಾಗಾಗಿ ಬ್ಲಾಕ್ ಅಂದರೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತೊಂದರೆ ಶುರುವಾಗುವುದು ಎತ್ತರದ ಬ್ಲಾಕ್ ಹಾಕಿದಾಗ, ಇಲ್ಲವೇ ಒಂದರ ಮೇಲೊಂದು ಪೇರಿಸಿದಾಗ. ಎಂಜಿನ್ ಎಳೆಯುವಾಗ ಆಕ್ಸಲ್ ಹೌಸಿಂಗ್ ತಾನೇ ತಿರುಗಲು ನೋಡುತ್ತದೆ. ಬ್ಲಾಕ್ ಎತ್ತರವಾದಷ್ಟೂ ಅದು ಸ್ಪ್ರಿಂಗ್ ಅನ್ನು ಮೀಟುವ ಸನ್ನೆಗೋಲು ಉದ್ದವಾಗುತ್ತದೆ, ಸ್ಪ್ರಿಂಗ್ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ತಿರುಚುತ್ತದೆ, ಬಿಟ್ಟಾಗ ಧಡ್ ಅಂತ ವಾಪಸ್ ಬರುತ್ತದೆ.

ಇದು ನನಗೇ ಆಗಿದೆ. ಒಂದು ಗ್ಯಾರೇಜಿನಲ್ಲಿ ಹಳೇ ಬ್ಲಾಕ್ ಮೇಲೆ ಇನ್ನೊಂದು ಬ್ಲಾಕ್ ಪೇರಿಸಿ ಕೊಟ್ಟಿದ್ದರು, ನಾನೂ ಕೇಳದೆ ತಂದುಬಿಟ್ಟಿದ್ದೆ. ಕಡಿದಾದ ಏರಿನಲ್ಲಿ ಮೊದಲ ಗೇರ್‌ನಲ್ಲಿ ಕ್ಲಚ್ ಬಿಟ್ಟಾಗ ಹಿಂದಿನಿಂದ ಡಬ್ ಡಬ್ ಅಂತ ಗಾಡಿ ಕುಪ್ಪಳಿಸಲು ಶುರುವಾಯಿತು. ಕೆಲವು ದಿನಗಳ ಮೇಲೆ ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಓರೆ ಹಿಡಿಯಬೇಕಾಯಿತು. ಕೆಳಗೆ ನೋಡಿದರೆ ಒಂದು ಕಡೆ ಯು ಬೋಲ್ಟ್ ಸಡಿಲ, ಕಟ್ಟನ್ನು ಆಕ್ಸಲ್ ಮೇಲೆ ಜಾಗದಲ್ಲಿ ಹಿಡಿದಿಡುವ ಸೆಂಟರ್ ಬೋಲ್ಟ್‌ನ ತಲೆ ಕತ್ತರಿಸಿಹೋಗಿ ಆಕ್ಸಲ್ ಒಂದು ಬೆರಳಷ್ಟು ಹಿಂದಕ್ಕೆ ಸರಿದಿತ್ತು. ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತಿತ್ತು. ಅದೇ ಸ್ಥಿತಿಯಲ್ಲಿ ಜೋರಾಗಿ ಬ್ರೇಕ್ ಹಾಕಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಅದಕ್ಕೇ ಹೇಳುತ್ತೇನೆ: ಬ್ಲಾಕ್ ಮೇಲೆ ಬ್ಲಾಕ್ ಯಾವತ್ತೂ ಬೇಡ, ಮುಂದಿನ ಆಕ್ಸಲ್‌ಗೆ ಬ್ಲಾಕ್ ಬೇಡವೇ ಬೇಡ. ಬ್ರೇಕ್ ಹಿಡಿದಾಗ ಹೆಚ್ಚಿನ ಭಾರ ಮುಂದಕ್ಕೇ ಬೀಳುತ್ತದೆ, ಸ್ಟೀರಿಂಗ್ ಇರುವುದೂ ಅಲ್ಲೇ. ಅಲ್ಲಿ ಬ್ಲಾಕ್ ಜಾರಿದರೆ ಗಾಡಿ ನಿಮ್ಮ ಕೈಯಲ್ಲಿರುವುದಿಲ್ಲ.

ಉದ್ದ ಶ್ಯಾಕಲ್ ಹಾಕಿದರೆ ಶ್ಯಾಕಲ್ ಬೆಳೆದದ್ದರ ಅರ್ಧದಷ್ಟು ಗಾಡಿ ಏಳುತ್ತದೆ. ಎರಡಿಂಚು ಉದ್ದ ಮಾಡಿದರೆ ಒಂದಿಂಚು. ಅಷ್ಟಕ್ಕೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಆದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಓಲಾಡುತ್ತದೆ, ಆಕ್ಸಲ್‌ನ ಕೋನವೂ ಬದಲಾಗುತ್ತದೆ.

ಪ್ಲೇಟ್ ಸೇರಿಸುವುದು ಲಾರಿಯವರಿಗೆ ಗೊತ್ತಿರುವ ಹಳೇ ವಿದ್ಯೆ. ಕಟ್ಟು ಬಿಚ್ಚಿ ನಡುವೆ ಹೆಚ್ಚು ಬಾಗಿದ ಒಂದು ಪ್ಲೇಟ್ ಸೇರಿಸಿದರೆ ಒಂದರಿಂದ ಎರಡಿಂಚು ಏಳುತ್ತದೆ. ಲೋಡ್ ಹೊರುವವರಿಗೆ ಒಳ್ಳೆಯದು. ಖಾಲಿ ಓಡಿಸಿದರೆ ಮಾತ್ರ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ, ಅದರಲ್ಲೂ ಗಿಡ್ಡ, ದಪ್ಪ ಪ್ಲೇಟ್ ಹಾಕಿದರೆ. ಹಾಕುವುದಾದರೆ ಉದ್ದದ್ದೇ ಹಾಕಿಸಿ. ಇನ್ನೊಂದು ಮಾತು, ಸುತ್ತಲಿನ ಹಳೇ ಪ್ಲೇಟ್‌ಗಳು ಈಗಾಗಲೇ ಸೋತಿದ್ದರೆ ಹೊಸದೊಂದೇ ಎಲ್ಲ ಭಾರ ಹೊರುತ್ತದೆ. ಕಟ್ಟು ಇನ್ನೂ ಚೆನ್ನಾಗಿದ್ದು ಸ್ವಲ್ಪ ಮಾತ್ರ ಎತ್ತಬೇಕಾದಾಗ ಇದು ಸರಿ.

ಹೊಸ ಕಟ್ಟು ನನ್ನ ಆಯ್ಕೆ. ದುಡ್ಡು ಜಾಸ್ತಿ, ನಿಜ. ಆದರೆ ಹಳೇ ಗಾಡಿಯಲ್ಲಿ ಸ್ಪ್ರಿಂಗ್, ಬುಶ್, ಶ್ಯಾಕಲ್ ಪಿನ್, ಯು ಬೋಲ್ಟ್ ಎಲ್ಲ ಇವತ್ತಲ್ಲ ನಾಳೆ ಬದಲಿಸಲೇಬೇಕು. ಅದೇ ಖರ್ಚಿನಲ್ಲಿ ಎರಡಿಂಚು ಎತ್ತರವೂ ಬರುತ್ತದೆ. ಇಲ್ಲಿ ಎಡವುವುದು ಎತ್ತರದಲ್ಲಲ್ಲ, ತೂಕದಲ್ಲಿ. ಒಂದೇ ಎತ್ತರಕ್ಕೆ ಹಗುರ, ಮಧ್ಯಮ, ಭಾರ ಅಂತ ಬೇರೆ ಬೇರೆ ಗಟ್ಟಿತನದ ಕಟ್ಟುಗಳು ಸಿಗುತ್ತವೆ. "ಗಟ್ಟಿ ಇದ್ದರೆ ಒಳ್ಳೇದು" ಅಂತ 300 ಕಿಲೋ ಕಾಯಂ ಲೋಡ್‌ಗೆ ಮಾಡಿದ್ದನ್ನು ಖಾಲಿ ಗಾಡಿಗೆ ಹಾಕಿಸಿದರೆ, ಎರಡಿಂಚು ಅಂದದ್ದು ಮೂರೂವರೆ ಏಳುತ್ತದೆ, ಸ್ಪ್ರಿಂಗ್ ಅಲುಗುವುದೇ ಇಲ್ಲ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ತಿಂಗಳಲ್ಲಿ ಒಂದೆರಡು ದಿನ ಭಾರ ಹೊರುವುದಾದರೆ ಆ ಒಂದೆರಡು ದಿನಕ್ಕಾಗಿ ಸ್ಪ್ರಿಂಗ್ ಕೊಳ್ಳಬೇಡಿ. ಯಾವಾಗಲೂ ಮೇಲಿರುವ ತೂಕ ಎಷ್ಟು, ಅಂದರೆ ಟೂಲ್ ಬಾಕ್ಸ್, ಕ್ಯಾನೋಪಿ, ಹಿಂದಿನ ಕಬ್ಬಿಣದ ಬಂಪರ್ ಎಲ್ಲ ಸೇರಿ, ಅದನ್ನು ಲೆಕ್ಕ ಹಾಕಿ ಅಂಗಡಿಯವರಿಗೆ ಹೇಳಿ. ಮುಂದೆ ವಿಂಚ್ ಇದ್ದರೆ ಅದನ್ನೂ ಹೇಳಿ.

ಮುಂದೆ ಏನಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ

ಒಂದೇ ಹೆಸರಿನ ಗಾಡಿಯಲ್ಲೂ ವರ್ಷ ಬದಲಾದರೆ ಮುಂದಿನ ಸಸ್ಪೆನ್ಷನ್ ಬೇರೆಯೇ ಇರುತ್ತದೆ. ಅಮೆರಿಕದಲ್ಲಿ ಮಾರಿದ ಟೊಯೋಟಾದ ಫೋರ್ ವೀಲ್ ಡ್ರೈವ್ ಪಿಕಪ್‌ಗೆ 1985ರ ಮಾದರಿಯವರೆಗೆ ಮುಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. 1986ರಿಂದ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಉಕ್ಕಿನ ಸರಳು. ಬೇರೆ ಎಷ್ಟೋ ಕಡೆ ಹೈಲಕ್ಸ್ ಆಮೇಲೂ ವರ್ಷಗಟ್ಟಲೆ ಲೀಫ್‌ನಲ್ಲೇ ಬಂತು. ಶೆವ್ರೊಲೆ 1988ರ ಹೊಸ ಮಾದರಿಯಲ್ಲಿ ಟಾರ್ಷನ್ ಬಾರ್‌ಗೆ ಹೋಯಿತು. ಫೋರ್ಡ್ ಎಫ್-150ರಲ್ಲಿ 1980ರಿಂದ 1996ರವರೆಗೆ ಮುಂದಿನ ಆಕ್ಸಲ್ ಎರಡು ತುಂಡಾಗಿ ನಡುವೆ ಮಡಚುವಂಥದ್ದು. 1994ರಿಂದ 2001ರ ಡಾಡ್ಜ್ ರ‍್ಯಾಮ್‌ನಲ್ಲಿ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಹಾಗಾಗಿ ಹೆಸರು ನೋಡಿ ಕಿಟ್ ತರಿಸಬೇಡಿ, ಬಗ್ಗಿ ನೋಡಿ ತರಿಸಿ.

ಮುಂದೆಯೂ ಲೀಫ್ ಇದ್ದರೆ ಕೆಲಸ ನೇರ: ಹಿಂದೆ ಹಾಕಿದ ಹಾಗೇ ಹೊಸ ಕಟ್ಟು. ಎರಡೂವರೆ, ಮೂರು ಇಂಚು ದಾಟಿದರೆ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು) ಕಡಿದಾಗಿ ಇಳಿಬಿದ್ದು, ಗುಂಡಿಗೆ ಚಕ್ರ ಇಳಿದಾಗಲೆಲ್ಲ ಸ್ಟೀರಿಂಗ್ ತಾನೇ ತಿರುಗುತ್ತದೆ. ಶ್ಯಾಕಲ್ ಸ್ಪ್ರಿಂಗ್‌ನ ಮುಂತುದಿಯಲ್ಲಿದ್ದು ಅದನ್ನೇ ಉದ್ದ ಮಾಡಿದರೆ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಅಂದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಹೋಗುತ್ತದೆ, ವೇಗದಲ್ಲಿ ಗಾಡಿ ಅಲೆದಾಡುತ್ತದೆ.

ಟಾರ್ಷನ್ ಬಾರ್ ಇರುವವರಿಗೆ ಯಾರಾದರೂ ಒಬ್ಬರು "ಬೋಲ್ಟ್ ತಿರುಗಿಸು, ಬಿಟ್ಟಿ ಲಿಫ್ಟ್" ಅಂತ ಹೇಳಿಯೇ ಇರುತ್ತಾರೆ. ಹೌದು, ಅಡ್ಜಸ್ಟ್‌ಮೆಂಟ್ ಬೋಲ್ಟ್ ತಿರುಗಿಸಿದರೆ ಮುಂಭಾಗ ಏಳುತ್ತದೆ. ಕೂತ ಗಾಡಿಯನ್ನು ಮೊದಲಿನ ಎತ್ತರಕ್ಕೆ ತರಲು, ಅದರ ಮೇಲೆ ಒಂದಿಂಚು ಏರಿಸಲು ಇದು ಸಾಕು. ಆಮೇಲೆ? ಬಾರ್ ಗಟ್ಟಿಯಾಯಿತು, ಅದಕ್ಕೇ ಕುಲುಕುತ್ತದೆ ಅಂತ ಹೇಳುತ್ತಾರೆ. ಬಾರ್‌ನ ಗಟ್ಟಿತನ ಬೋಲ್ಟ್ ತಿರುಗಿಸಿದ್ದಕ್ಕೆ ಬದಲಾಗುವುದಿಲ್ಲ. ಬದಲಾಗುವುದು ಚಕ್ರ ಕೆಳಗೆ ಇಳಿಯಲು ಉಳಿದಿರುವ ಜಾಗ. ಚಕ್ರವನ್ನು ಚಾಸಿಗೆ ಸೇರಿಸುವ ಮೇಲಿನ ಆರ್ಮ್ ಇಳಿದು ಇಳಿದು ರಬ್ಬರ್ ಸ್ಟಾಪ್‌ಗೆ ತಾಗುವಷ್ಟು ಹತ್ತಿರ ಬಂದಿರುತ್ತದೆ, ಸಣ್ಣ ಗುಂಡಿ ಬಂದರೂ ಠಕ್ ಅಂತ ಅಲ್ಲಿಗೆ ಬಡಿಯುತ್ತದೆ. ಆರ್ಮ್‌ಗೂ ಆ ರಬ್ಬರಿಗೂ ನಡುವೆ ನಿಮ್ಮ ಹೆಬ್ಬೆರಳು ಹೋಗುವಷ್ಟೂ ಜಾಗ ಇಲ್ಲದಿದ್ದರೆ ಜಾಸ್ತಿ ತಿರುಗಿಸಿದ್ದೀರಿ ಅಂತಲೇ ಅರ್ಥ. ಜೊತೆಗೆ ಮುಂದಿನ ಡ್ರೈವ್ ಶಾಫ್ಟ್‌ನ ಜಾಯಿಂಟ್ ಕಡಿದಾದ ಕೋನದಲ್ಲಿ ತಿರುಗಿ ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೊರಗೆ ಬರುತ್ತದೆ, ಮಣ್ಣು ಒಳಗೆ ಹೋಗುತ್ತದೆ.

ಟಾರ್ಷನ್ ಬಾರ್ ಗಾಡಿಗೆ ನಾಲ್ಕು, ಆರು ಇಂಚಿನ ಬ್ರ್ಯಾಕೆಟ್ ಕಿಟ್‌ಗಳೂ ಇವೆ. ಇವು ಡಿಫರೆನ್ಷಿಯಲ್ ಅನ್ನೂ ಕೆಳಗಿನ ಆರ್ಮ್‌ಗಳನ್ನೂ ಚಾಸಿಯಿಂದ ಕೆಳಕ್ಕೆ ಇಳಿಸಿ ಕೂರಿಸುತ್ತವೆ. ಶಾಫ್ಟ್‌ಗಳ ಕೋನ ಮೊದಲಿನಂತೆಯೇ ಉಳಿಯುತ್ತದೆ, ಅದು ಒಳ್ಳೆಯದು. ಆದರೆ ಎತ್ತಿದ ಎತ್ತರದ ಒಂದು ಪಾಲನ್ನು ಆ ಕೆಳಗಿಳಿದ ಕಬ್ಬಿಣವೇ ತಿಂದುಹಾಕುತ್ತದೆ, ಎಷ್ಟೋ ಕಿಟ್‌ಗಳಲ್ಲಿ ಚಾಸಿಯ ಮೂಲ ಬ್ರ್ಯಾಕೆಟ್ ಕತ್ತರಿಸಲೇಬೇಕು. ಕತ್ತರಿಸಿದ್ದು ವಾಪಸ್ ಬರುವುದಿಲ್ಲ. 35 ಇಂಚಿನ ಟೈರ್ ಬೇಕೇ ಬೇಕು ಅನ್ನುವವರಿಗೆ ಬಿಟ್ಟರೆ ಬೇರೆಯವರಿಗೆ ನಾನು ಹೇಳುವುದಿಲ್ಲ.

ಎಫ್-150ರ ಆ ಮಡಚುವ ಆಕ್ಸಲ್‌ಗೆ ಬರೀ ಎತ್ತರದ ಕಾಯಿಲ್ ಹಾಕಿದರೆ ಚಕ್ರಗಳ ಮೇಲ್ಭಾಗ ಹೊರಕ್ಕೆ ವಾಲಿ ಟೈರ್‌ನ ಹೊರ ಅಂಚು ಬೇಗ ಸವೆಯುತ್ತದೆ. ಕಾಯಿಲ್ ಜೊತೆ ಆಕ್ಸಲ್‌ನ ಕೀಲು ಇಳಿಸುವ ಬ್ರ್ಯಾಕೆಟ್ ಇರುವ ಕಿಟ್ ಮಾತ್ರ ತನ್ನಿ. ಗಟ್ಟಿ ಆಕ್ಸಲ್, ಕಾಯಿಲ್ ಇರುವ ಗಾಡಿಯನ್ನು ಎತ್ತಿದರೆ ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಚಾಸಿಗೆ ಹಿಡಿದಿರುವ ಸರಳು) ಆಕ್ಸಲ್ ಅನ್ನು ಪಕ್ಕಕ್ಕೆ ಎಳೆಯುತ್ತದೆ. ಅಡ್ಜಸ್ಟ್ ಆಗುವ ರಾಡ್ ಹಾಕಿ ನಡುವಿಗೆ ತರಬೇಕು, ರಾಡ್ ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರ ಇರಬೇಕು. ಅದರ ಬುಶ್ ಸವೆದಿರುವಾಗಲೇ ಲಿಫ್ಟ್ ಹಾಕಿಸಿದರೆ ವೇಗದಲ್ಲಿ ಒಂದು ಗುಂಡಿ ಸಿಕ್ಕ ತಕ್ಷಣ ಮುಂದಿನ ಚಕ್ರಗಳು ಕೈಯಲ್ಲಿ ಹಿಡಿಯಲಾರದಷ್ಟು ನಡುಗಬಹುದು.

ಬಾಡಿ ಲಿಫ್ಟ್ ಯಾರಿಗೆ?

ಚಾಸಿಗೂ ಬಾಡಿಗೂ ನಡುವೆ ಒಂದರಿಂದ ಮೂರು ಇಂಚು ಎತ್ತರದ ಗುಂಡನೆಯ ತುಂಡುಗಳನ್ನು ಇಡುವುದು. ಸಸ್ಪೆನ್ಷನ್‌ನ ಒಂದು ಕೋನವೂ ಬದಲಾಗುವುದಿಲ್ಲ, ಎಂಜಿನ್ ಮತ್ತು ಚಾಸಿ ಇದ್ದಲ್ಲೇ ಇರುವುದರಿಂದ ಭಾರವೂ ಅಷ್ಟಾಗಿ ಮೇಲೇರುವುದಿಲ್ಲ. ಟೈರ್‌ಗೆ ಜಾಗ ಸಿಗುತ್ತದೆ, ಹೊಟ್ಟೆ ಕೆಳಗೆ ಏನೂ ಸಿಗುವುದಿಲ್ಲ. ಒಂದಿಂಚಿನ ಬಾಡಿ ಲಿಫ್ಟ್ ಜೊತೆ ಎರಡಿಂಚಿನ ಸ್ಪ್ರಿಂಗ್, ಇದು ಚೆನ್ನಾಗಿ ಹೊಂದುವ ಜೋಡಿ. ಮೂರಿಂಚು ಹಾಕಿದರೆ ಬಂಪರ್ ಮೇಲೆ ಕೈ ತೂರುವಷ್ಟು ಸಂದು, ಫ್ಯಾನ್‌ಗೂ ರೇಡಿಯೇಟರ್ ಶ್ರೌಡ್‌ಗೂ (ಫ್ಯಾನ್ ಸುತ್ತಲಿನ ಕವಚ) ತಾಗಾಟ, ಸ್ಟೀರಿಂಗ್ ಶಾಫ್ಟ್ ಉದ್ದ ಮಾಡಿಸುವ ಕೆಲಸ. ಹಳೇ ಗಾಡಿಯಲ್ಲಿ ಬಾಡಿ ಬೋಲ್ಟ್‌ಗಳು ತುಕ್ಕು ಹಿಡಿದು ಕೂತಿರುತ್ತವೆ. ಒಂದು ವಾರ ಮೊದಲೇ ದಿನಾ ಎಣ್ಣೆ ಬಿಡಿ, ಇಲ್ಲದಿದ್ದರೆ ಬೋಲ್ಟ್ ತುಂಡಾಗಿ ಕ್ಯಾಬಿನ್ ನೆಲ ಕೊರೆಯಬೇಕಾಗುತ್ತದೆ.

ಲಿಫ್ಟ್ ಜೊತೆ ಬರುವ ಕೆಲಸಗಳು

ಕಿಟ್ ಹೋಲಿಸುವಾಗ ಇವೂ ಒಳಗಿವೆಯಾ ಅಂತ ನೋಡಿ. ಅಗ್ಗದ ಕಿಟ್ ಅಗ್ಗ ಆಗಿರುವುದು ಎಷ್ಟೋ ಸಲ ಇವು ಇಲ್ಲದ್ದರಿಂದಲೇ.

ಶಾಕ್‌ಗಳು (ಶಾಕ್ ಅಬ್ಸಾರ್ಬರ್). ಹಳೇ ಶಾಕ್ ಹೊಸ ಎತ್ತರಕ್ಕೆ ಗಿಡ್ಡ ಆಗುತ್ತದೆ, ಚಕ್ರ ಇಳಿದಾಗ ಪೂರ್ತಿ ಎಳೆದುಕೊಂಡು ಒಳಗೇ ಕಿತ್ತುಹೋಗುತ್ತದೆ. ತೀರ ಉದ್ದದ್ದು ಹಾಕಿದರೆ ಇನ್ನೊಂದು ತೊಂದರೆ, ಬಂಪ್ ಸ್ಟಾಪ್ (ಚಕ್ರ ತೀರ ಮೇಲೇರದಂತೆ ತಡೆಯುವ ರಬ್ಬರ್) ತಾಗುವ ಮೊದಲೇ ಶಾಕ್ ತಳ ಮುಟ್ಟುತ್ತದೆ. ಎರಡೂ ತುದಿ ಅಳೆದೇ ಕೊಳ್ಳಿ.

ಬ್ರೇಕ್. ಆಕ್ಸಲ್ ಪೂರ್ತಿ ಇಳಿಬಿಟ್ಟಾಗ ಹೋಸ್‌ನಲ್ಲಿ ಇನ್ನೂ ಸ್ವಲ್ಪ ಸಡಿಲ ಉಳಿದಿರಬೇಕು. ಹಳೇ ಟೊಯೋಟಾ ಪಿಕಪ್ ಇರುವವರು ಇನ್ನೊಂದನ್ನು ಮರೆಯಬಾರದು: ಹಿಂದಿನ ಆಕ್ಸಲ್‌ನಿಂದ ಒಂದು ಸರಳು ಹೋಗಿ ಚಾಸಿಯಲ್ಲಿರುವ ಬ್ರೇಕ್ ವಾಲ್ವ್‌ಗೆ ಸೇರುತ್ತದೆ. ಲೋಡ್ ಬಿದ್ದು ಗಾಡಿ ಕೂತಷ್ಟೂ ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಕೊಡುವುದು ಇದರ ಕೆಲಸ. ಲಿಫ್ಟ್ ಆದಮೇಲೆ ಗಾಡಿ ಸದಾ ಖಾಲಿ ಇದೆ ಅಂತಲೇ ಈ ವಾಲ್ವ್ ತಿಳಿಯುತ್ತದೆ, ಲೋಡ್ ಇದ್ದಾಗಲೂ ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಆ ಸರಳಿನ ಬ್ರ್ಯಾಕೆಟ್ ಅನ್ನು ಲಿಫ್ಟ್ ಆದಷ್ಟೇ ಎತ್ತರಿಸಬೇಕು. ಪುಟ್ಟ ಕಬ್ಬಿಣದ ತುಂಡು, ಆದರೆ ಇದಿಲ್ಲದೆ ಲೋಡ್ ಹೊತ್ತು ಇಳಿಜಾರಿಗೆ ಹೋಗಬೇಡಿ.

ಪ್ರೊಪೆಲ್ಲರ್ ಶಾಫ್ಟ್. ಎರಡೂ ತುದಿಯಲ್ಲಿ ಒಂದೊಂದೇ ಕ್ರಾಸ್ (ಮಡಚುವ ಕೀಲು) ಇರುವ ಶಾಫ್ಟ್ ಆದರೆ ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಹೊರ ಶಾಫ್ಟ್ ಮತ್ತು ಡಿಫರೆನ್ಷಿಯಲ್‌ನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಗೇರ್) ಸಮಾನಾಂತರ ಇರಬೇಕು. ಮೇಲ್ತುದಿಯಲ್ಲಿ ಜೋಡಿ ಕ್ರಾಸ್ ಇದ್ದರೆ ಪಿನಿಯನ್ ನೇರವಾಗಿ ಶಾಫ್ಟ್ ಕಡೆಗೇ ಮುಖ ಮಾಡಬೇಕು. ಲಿಫ್ಟ್ ಆದಮೇಲೆ ಒಂದು ವೇಗದಲ್ಲಿ ಗುಂಯ್ ಅಂತ ನಡುಕ ಬಂದರೆ ಮೊದಲು ಇಲ್ಲೇ ನೋಡಿ. ಕೋನ ಸರಿಮಾಡಲು ಬೆಣೆ ಇಡುವುದಾದರೆ ಉಕ್ಕಿನದೇ ಇಡಿ, ಅಲ್ಯುಮಿನಿಯಂ ಬೆಣೆ ಜಜ್ಜಿಹೋಗಿ ಯು ಬೋಲ್ಟ್ ಸಡಿಲ ಆಗುತ್ತದೆ.

ಗೇರ್. 29 ಇಂಚಿನ ಟೈರ್ ಜಾಗಕ್ಕೆ 33 ಬಂದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 68ರಲ್ಲಿ ಓಡುತ್ತಿರುತ್ತದೆ. 4.10ರ ಆಕ್ಸಲ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) ಇದ್ದರೆ ಮೊದಲಿನ ಎಳೆತ ವಾಪಸ್ ಬರಲು 4.67ರ ಹತ್ತಿರದ್ದು ಬೇಕು, ಅದೂ ಮುಂದೆ ಹಿಂದೆ ಎರಡಕ್ಕೂ. ಹಳೇ ಎಂಜಿನ್‌ಗೆ ಇದು ದೊಡ್ಡ ಹೊರೆ. 31ಕ್ಕೆ ನಿಂತರೆ ವ್ಯತ್ಯಾಸ ಶೇಕಡಾ 7 ಮಾತ್ರ, ಗೇರ್ ಮುಟ್ಟದೆ ಸಾಗುತ್ತದೆ.

ದಿನಾ ಓಡಿಸುವ, ಆಗಾಗ ಕಲ್ಲುದಾರಿಗೆ ಇಳಿಯುವ ಗಾಡಿಗೆ ನನ್ನ ಸಲಹೆ: ಎರಡಿಂಚು ಎತ್ತುವ, ನಿಮ್ಮ ತೂಕಕ್ಕೆ ಸರಿಯಾದ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, 31 ಇಂಚಿನ ಟೈರ್. ಸದಾ ಲೋಡ್ ಹೊರುವವರು ಮುಂದೆ ಮೊದಲಿನ ಎತ್ತರಕ್ಕೆ ತಂದು ಹಿಂದೆ ಒಂದು ಉದ್ದ ಪ್ಲೇಟ್ ಸೇರಿಸಿದರೂ ಸಾಕು. ದುಡ್ಡು ಸಾಲದಿದ್ದರೆ ಈಗ ಬುಶ್ ಮತ್ತು ಶಾಕ್ ಬದಲಿಸಿ, ಸ್ಪ್ರಿಂಗ್‌ಗೆ ಕೂಡಿಡಿ. ಎಷ್ಟು ಎತ್ತರದವರೆಗೆ ಕಾನೂನು ಬಿಡುತ್ತದೆ, ವಿಮೆಯವರಿಗೆ ತಿಳಿಸಬೇಕಾ ಅನ್ನುವುದನ್ನು ಮಾತ್ರ ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿ.

ಹಾಕಿಸುವ ದಿನ ಪಕ್ಕದಲ್ಲೇ ನಿಂತಿರಿ. ಹಳೇ ಯು ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಒಮ್ಮೆ ಬಿಗಿದು ಎಳೆದವು ಅವು. ರಬ್ಬರ್ ಬುಶ್ ಇರುವ ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಗಾಡಿ ನೆಲಕ್ಕಿಳಿದು, ಪೂರ್ತಿ ತೂಕ ಚಕ್ರದ ಮೇಲೆ ಬಿದ್ದು, ಒಂದೆರಡು ಸಲ ಮುಂದೆ ಹಿಂದೆ ಓಡಿಸಿದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಶ್ ಯಾವಾಗಲೂ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಕೆಳಕ್ಕೆ ಇಳಿಸುವುದು. ನೂರು ಕಿಲೋಮೀಟರ್ ಆದಮೇಲೆ ಯು ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಸಿ, ಐನೂರಕ್ಕೆ ಇನ್ನೊಮ್ಮೆ. ಹೊಸ ಸ್ಪ್ರಿಂಗ್ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಕೂರುತ್ತದೆ. ಅದು ಕೂತ ಮೇಲೆ, ಮೊದಲ ದಿನ ಬರೆದಿಟ್ಟ ಆ ನಾಲ್ಕು ಅಳತೆಯ ಪಕ್ಕದಲ್ಲೇ ಹೊಸ ಅಳತೆಯನ್ನೂ ಬರೆದಿಡಿ.